ಕಣಜ ತುಂಬಿದರೆ ಸಾಲದು

ಆಕಾಶವಾಣಿಯ ಪೇಟೆ ಧಾರಣೆಯನ್ನು ಕೇಳದ ಮನೆ ಒಂದು ಕಾಲಕ್ಕೆ ನಮ್ಮ ಕಡೆ ಅಪರೂಪವಾಗಿತ್ತು. ಭತ್ತ ಬೆಳೆಯದವರೂ ಕೊಬ್ಬರಿ ಮಾರದವರೂ ಕಿವಿಗೊಟ್ಟು ಕೇಳುತ್ತಿದ್ದರು. ಊರಿನ ಹೆಸರು, ಸರಕಿನ ಹೆಸರು, ಕ್ವಿಂಟಲಿಗೆ ಕನಿಷ್ಠ ಇಷ್ಟು, ಗರಿಷ್ಠ ಇಷ್ಟು ಎಂದು ಓದುವವರು ನಿಧಾನವಾಗಿ, ಒಂದೊಂದು ಅಂಕಿಯೂ ಬಿಡಿಬಿಡಿಯಾಗಿ ಕೇಳುವಂತೆ ಓದುತ್ತಿದ್ದರು. ಕೇಳುವವನು ಚೀಟಿಯ ಮೇಲೆ ಗುರುತು ಹಾಕಿಕೊಂಡರೆ ಆಯಿತು. ಮಾರನೆಯ ಬೆಳಗ್ಗೆ ಕೊಬ್ಬರಿಯ ಗಾಡಿ ತಿಪಟೂರಿಗೆ ಹೋಗಬೇಕೋ ಅರಸೀಕೆರೆಗೆ ಹೋಗಬೇಕೋ ಎಂಬುದು ಅಲ್ಲಿಯೇ ತೀರ್ಮಾನವಾಗುತ್ತಿತ್ತು.

ಆ ಕೆಲವು ನಿಮಿಷಗಳ ಓದಿನಲ್ಲಿ ಏನೇನು ಅಡಗಿತ್ತು ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ. ಯಾವ ಊರು, ಯಾವ ದಿನ, ಯಾವ ಸರಕು, ಯಾವ ಅಳತೆ, ಎಷ್ಟು ಬೆಲೆ ಎಂಬ ಐದು ಸಂಗತಿಗಳೂ ತಪ್ಪದೆ ಇದ್ದವು. ಭಾಷೆ ಕೇಳುವವನದು. ವೇಳೆ ಎಲ್ಲರಿಗೂ ಗೊತ್ತಿದ್ದದ್ದು. ತನ್ನ ಮನೆಯಲ್ಲಿ ರೇಡಿಯೋ ಇಲ್ಲದವನು ನೆರೆಮನೆಯ ಜಗಲಿಯಲ್ಲಿ ಕುಳಿತು ಕೇಳಬಹುದಾಗಿತ್ತು. ಸರ್ಕಾರದ ಬಳಿ ಇರುವ ಅಂಕಿ ಅಂಶ ಸಾಮಾನ್ಯ ಮನುಷ್ಯನ ಕೈಗೆ ಸಿಕ್ಕಿ, ಅವನ ಕೆಲಸಕ್ಕೆ ಒದಗುವುದು ಎಂದರೆ ಇದೇ. ಈ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇಂದಿನ ವಿಷಯಕ್ಕೆ ಬರೋಣ.

ಈಗ ಪೇಟೆಯ ಧಾರಣೆ ಮಾತ್ರವಲ್ಲ, ಮಳೆಯ ಲೆಕ್ಕ, ಜನಗಣತಿಯ ಕೋಷ್ಟಕ, ಶಾಲೆಗಳ ಪಟ್ಟಿ, ಅಂತರ್ಜಲದ ಮಟ್ಟ, ಬಜೆಟ್ಟಿನ ಖರ್ಚು ಎಲ್ಲವೂ ಸರ್ಕಾರದ ಜಾಲತಾಣಗಳಲ್ಲಿ ದೊರೆಯುತ್ತವೆ. ಇಂಥ ತಾಣಗಳಿಗೆ ಮುಕ್ತ ದತ್ತಾಂಶ ತಾಣಗಳು ಎಂದು ಹೆಸರು. ‘ಮುಕ್ತ’ ಎಂದರೆ ಯಾರು ಬೇಕಾದರೂ, ಕಾರಣ ಹೇಳದೆ, ಅರ್ಜಿ ಹಾಕದೆ, ಹಣ ಕೊಡದೆ ಅಂಕಿ ಅಂಶಗಳನ್ನು ಪಡೆದು ತಮಗೆ ಬೇಕಾದಂತೆ ಬಳಸಿಕೊಳ್ಳಬಹುದು ಎಂದು ಅರ್ಥ. 2007ರ ಡಿಸೆಂಬರಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸೆಬಾಸ್ಟಪೋಲ್ ಎಂಬ ಊರಿನಲ್ಲಿ ಸುಮಾರು ಮೂವತ್ತು ಜನ ಸೇರಿ ಇಂಥ ಅಂಕಿ ಅಂಶಗಳಿಗೆ ಎಂಟು ಲಕ್ಷಣಗಳನ್ನು ಹೇಳಿದರು. ಅವು ಪೂರ್ಣವಾಗಿರಬೇಕು, ಮೂಲರೂಪದಲ್ಲಿರಬೇಕು, ಹೊತ್ತಿಗೆ ಸರಿಯಾಗಿ ಬರಬೇಕು, ಯಂತ್ರಕ್ಕೂ ಓದಲು ಬರುವಂತಿರಬೇಕು ಎಂಬುವು ಅವುಗಳಲ್ಲಿ ಕೆಲವು. 2009ರ ಮೇ ತಿಂಗಳಿನಲ್ಲಿ ಅಮೆರಿಕ ಸರ್ಕಾರ ಕೇವಲ 47 ಕಡತಗಳೊಡನೆ ತನ್ನ ತಾಣವನ್ನು ತೆರೆಯಿತು. ನಮ್ಮ ದೇಶದಲ್ಲಿ 2012ರಲ್ಲಿ ರಾಷ್ಟ್ರೀಯ ದತ್ತಾಂಶ ಹಂಚಿಕೆ ಮತ್ತು ಲಭ್ಯತಾ ನೀತಿ ಹೊರಬಿದ್ದಿತು. ಅದೇ ವರ್ಷ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದವರು ಕಟ್ಟಿದ ‘ಡೇಟಾ ಡಾಟ್ ಗವ್ ಡಾಟ್ ಇನ್’ ತಾಣವೂ ತೆರೆಯಿತು. ವ್ಯಕ್ತಿಗಳ ಗುಟ್ಟು, ದೇಶದ ರಕ್ಷಣೆಯಂಥ ಸೂಕ್ಷ್ಮ ವಿಷಯಗಳನ್ನು ಬಿಟ್ಟು ಉಳಿದದ್ದನ್ನು ಹಂಚಬೇಕು ಎಂಬುದು ಆ ನೀತಿಯ ತಿರುಳು. ನಮ್ಮ ರಾಜ್ಯದ ಇಂಥದೊಂದು ತಾಣಕ್ಕೆ ‘ಮಾಹಿತಿ ಕಣಜ’ ಎಂಬ ಸೊಗಸಾದ ಹೆಸರಿದೆ.

ಕಣಜ ಎಂಬ ಮಾತು ಒಳ್ಳೆಯದು. ಆದರೆ ಕಣಜದಲ್ಲಿ ಎಷ್ಟು ಖಂಡುಗ ತುಂಬಿದೆ ಎಂಬುದು ಒಂದು ಲೆಕ್ಕ; ಮನೆಯವರ ಎಲೆಗೆ ಎಷ್ಟು ಅನ್ನ ಬಿತ್ತು ಎಂಬುದು ಬೇರೆಯೇ ಲೆಕ್ಕ. ‘ನಮ್ಮ ತಾಣದಲ್ಲಿ ಇಷ್ಟು ಸಾವಿರ ಕಡತಗಳಿವೆ’ ಎಂದು ಹೇಳಿಕೊಳ್ಳುವುದು ಮೊದಲನೆಯ ಲೆಕ್ಕ. ಎರಡನೆಯದನ್ನು ತೆಗೆಯುವುದು ಹೇಗೆ ಎಂಬುದೇ ಈ ಲೇಖನದ ಪ್ರಶ್ನೆ.

ನಾನು ಕಣ್ಣಾರೆ ಕಂಡ ಒಂದು ಪ್ರಸಂಗವನ್ನು ಹೇಳುತ್ತೇನೆ. ನಮ್ಮ ಬೀದಿಯಲ್ಲಿ ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರು ಇದ್ದಾರೆ. ಬೀದಿಗೆಲ್ಲ ಅವರು ‘ಮೇಡಂ’. ಅವರ ಮೊಮ್ಮಗನಿಗೆ ಹೊಸ ಹಲ್ಲು ಬಂದಾಗ ಅದರ ಮೇಲೆ ಬಿಳಿಯ, ಕಂದು ಬಣ್ಣದ ಕಲೆಗಳು ಕಂಡವು. ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿರಬಹುದು ಎಂದು ದಂತವೈದ್ಯರು ಹೇಳಿದರು. ಮನೆಯಲ್ಲಿ ಕುಡಿಯಲು ಬಳಸುತ್ತಿದ್ದದ್ದು ಕೊಳವೆಬಾವಿಯ ನೀರು. ಸರ್ಕಾರದವರು ಬಾವಿಗಳ ನೀರನ್ನು ಪರೀಕ್ಷಿಸಿ ಫಲಿತಾಂಶವನ್ನು ಜಾಲತಾಣದಲ್ಲಿ ಹಾಕುತ್ತಾರೆ ಎಂದು ಎಲ್ಲಿಯೋ ಓದಿದ್ದ ಮೇಡಂ, ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಹುಡುಕಲು ತೊಡಗಿದರು.

ಮೊದಲು ಕನ್ನಡದಲ್ಲಿ ‘ಫ್ಲೋರೈಡ್’ ಎಂದು ಬರೆದರು. ಏನೂ ಸಿಗಲಿಲ್ಲ. ಇಂಗ್ಲಿಷಿನಲ್ಲಿ ‘ಕುಡಿಯುವ ನೀರು’ ಎಂದು ಬರೆದರು. ನಲ್ಲಿಗಳ ಸಂಖ್ಯೆ, ಯೋಜನೆಯ ಖರ್ಚು, ಬೇರೆ ರಾಜ್ಯಗಳ ವರದಿ ಎಲ್ಲ ಬಂದವು, ಬೇಕಾದದ್ದು ಬರಲಿಲ್ಲ. ಬೇಕಾದ ಕಡತ ‘ಅಂತರ್ಜಲದ ಗುಣಮಟ್ಟ’ ಎಂಬ ತಲೆಬರಹದ ಅಡಿಯಲ್ಲಿತ್ತು. ಅದು ಸಿಕ್ಕಮೇಲೆ ಜಿಲ್ಲೆಯ ಹೆಸರು ಇಂದಿನ ರೂಪದಲ್ಲಿ ಇರಲಿಲ್ಲ, ಹಳೆಯ ಇಂಗ್ಲಿಷ್ ಕಾಗುಣಿತದಲ್ಲಿತ್ತು. ಕೊನೆಗೆ ಸಾಲು ಸಿಕ್ಕಿತು. ಅದರಲ್ಲಿ ‘ಎಫ್’ ಎಂಬ ಒಂದೇ ಅಕ್ಷರದ ಕೆಳಗೆ ಒಂದು ಅಂಕಿ. ಎಫ್ ಎಂದರೆ ಏನು, ಅಂಕಿಯ ಅಳತೆ ಯಾವುದು, ನೀರನ್ನು ತೆಗೆದದ್ದು ಯಾವ ತಿಂಗಳು, ಎಷ್ಟಾದರೆ ಕೆಟ್ಟದ್ದು ಎಂಬುದು ಎಲ್ಲಿಯೂ ಇರಲಿಲ್ಲ. ನಲವತ್ತು ನಿಮಿಷ ಕಳೆದಿತ್ತು. ಮೇಡಂ ಕನ್ನಡಕ ತೆಗೆದಿಟ್ಟು, “ನೋಡಿ ಇವರೇ, ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವಳು ನಾನು. ಈ ಲೆಕ್ಕ ನನಗೆ ಆಗುವುದಿಲ್ಲ,” ಎಂದರು.

ಅವರು ಮಾಡಿದ್ದು ಇಷ್ಟೆ: ಒಂದು ಬಾಟಲಿಯಲ್ಲಿ ನೀರು ತುಂಬಿಸಿ ಪ್ರಯೋಗಾಲಯಕ್ಕೆ ಕಳಿಸಿದರು. ಬಂದ ವರದಿಯಲ್ಲಿ ಫ್ಲೋರೈಡ್ ಲೀಟರಿಗೆ 2 ಮಿಲಿಗ್ರಾಮಿಗಿಂತ ಹೆಚ್ಚು ಎಂದಿತ್ತು. ಭಾರತೀಯ ಮಾನಕ ಸಂಸ್ಥೆಯ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಪ್ಪತಕ್ಕದ್ದು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದು ಗಟ್ಟಿಯಾಗುತ್ತದೆ. ಅಂದಿನಿಂದ ಆ ಮನೆಯಲ್ಲಿ ಕುಡಿಯುವುದಕ್ಕೂ ಅಡಿಗೆಗೂ ಬೇರೆ ನೀರು ಬಂದಿತು. ಆಮೇಲೆ ಅರ್ಥ ತಿಳಿದುಕೊಂಡು ಆ ಕಡತವನ್ನು ಮತ್ತೆ ತೆರೆದು ನೋಡಿದೆವು. ಹತ್ತಿರದ ಬಾವಿಯ ಅಂಕಿಯೂ ಮಿತಿಯನ್ನು ದಾಟಿಯೇ ಇತ್ತು. ಆ ಪರೀಕ್ಷೆ ಎಷ್ಟೋ ವರ್ಷ ಮೊದಲೇ ಆಗಿತ್ತು. ಹಲ್ಲು ದವಡೆಯೊಳಗೆ ರೂಪುಗೊಳ್ಳುವ ಕಾಲದಲ್ಲಿಯೇ ಫ್ಲೋರೈಡು ಅದನ್ನು ಕೆಡಿಸುತ್ತದೆ. ಮಗುವಿಗೆ ಎಂಟು ವರ್ಷವಾದ ಮೇಲೆ ತಿಳಿದರೆ ಮುಂದಿನ ಹಲ್ಲುಗಳಿಗೆ ಹೆಚ್ಚು ಉಪಯೋಗವಿಲ್ಲ. ಸಂಗತಿ ಕಣಜದಲ್ಲಿತ್ತು, ಮನೆಗೆ ಬರಲಿಲ್ಲ.

ಇದು ಯಾರೋ ಒಬ್ಬ ಅಧಿಕಾರಿಯ ದುರುದ್ದೇಶದಿಂದ ಆದದ್ದಲ್ಲ. ನೀರು ತೆಗೆದವರು, ಪರೀಕ್ಷಿಸಿದವರು, ಕಡತ ಏರಿಸಿದವರು ಎಲ್ಲರೂ ತಮ್ಮ ತಮ್ಮ ಕೆಲಸವನ್ನು ಮಾಡಿದ್ದರು. ಆ ಕಡತವನ್ನು ಕೊನೆಯಲ್ಲಿ ಓದುವವರು ಯಾರು ಎಂಬ ಯೋಚನೆಯೊಂದು ಮಾತ್ರ ಯಾರ ಪಾಲಿಗೂ ಬಂದಿರಲಿಲ್ಲ.

ಇಂಥ ತಾಣಗಳಲ್ಲಿ ಎಡವುವ ಕಲ್ಲುಗಳು ಸಾಮಾನ್ಯವಾಗಿ ಐದು. ಮೊದಲನೆಯದು ಹುಡುಕುವಿಕೆ. ಜನ ಹುಡುಕುವುದು ತಮ್ಮ ಮಾತಿನಲ್ಲಿ. ಕಡತ ಇರುವುದು ಇಲಾಖೆಯ ಮಾತಿನಲ್ಲಿ. ಮೇಡಂ ‘ಕುಡಿಯುವ ನೀರು’ ಎಂದರು. ಕಡತ ‘ಅಂತರ್ಜಲ’ ಎಂದಿತು. ಎರಡೂ ಒಂದೇ ಬಾವಿಯವು.

ಎರಡನೆಯದು ಅರ್ಥದ ತೊಡಕು. ಪೇಟೆ ಧಾರಣೆಯ ಕಡತಗಳನ್ನೇ ನೋಡಿ. ಅಲ್ಲಿ ಕನಿಷ್ಠ, ಗರಿಷ್ಠಗಳ ಜೊತೆಗೆ ‘ಮೋಡಲ್ ಬೆಲೆ’ ಎಂಬ ಕಲಮು ಇರುತ್ತದೆ. ಆ ದಿನ ಹೆಚ್ಚಿನ ಸರಕು ಯಾವ ಬೆಲೆಗೆ ಮಾರಾಟವಾಯಿತೋ ಅದೇ ಮೋಡಲ್ ಬೆಲೆ. ಮಾರುವವನಿಗೆ ಎಲ್ಲಕ್ಕಿಂತ ಬೇಕಾದದ್ದು ಇದೇ. ಒಂದೇ ಒಂದು ಮೂಟೆ ಸಿಕ್ಕಾಪಟ್ಟೆ ಬೆಲೆಗೆ ಹೋದರೂ ಗರಿಷ್ಠದ ಅಂಕಿ ಏರುತ್ತದೆ. ಅದನ್ನು ನಂಬಿ ಗಾಡಿ ಹೂಡಿದವನು ಮೋಸಹೋಗುತ್ತಾನೆ. ಈ ಅರ್ಥವನ್ನು ಪಕ್ಕದಲ್ಲಿ ಒಂದು ಸಾಲಿನಲ್ಲಿ ಹೇಳದಿದ್ದರೆ ಅಂಕಿ ಇದ್ದೂ ಇಲ್ಲದಂತೆ. ಬೆಲೆ ಕ್ವಿಂಟಲಿಗೋ ಕಿಲೋಗೋ ಎಂದು ಬರೆಯದಿದ್ದರಂತೂ ಹೇಳುವುದೇ ಬೇಡ.

ಮೂರನೆಯದು ಹೆಸರಿನ ಗೊಂದಲ. 2014ರ ನವೆಂಬರ್ 1ರಂದು ನಮ್ಮ ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರುಗಳು ಬದಲಾದವು. ಗುಲ್ಬರ್ಗ ಎಂದಿದ್ದದ್ದು ಕಲಬುರಗಿ ಆಯಿತು, ಬಿಜಾಪುರ ವಿಜಯಪುರವಾಯಿತು. ಮನುಷ್ಯರಿಗೆ ಇದರಿಂದ ತೊಂದರೆಯಿಲ್ಲ. ಆದರೆ ಯಂತ್ರ ಅಕ್ಷರವನ್ನು ನೋಡುತ್ತದೆಯೇ ಹೊರತು ಊರನ್ನಲ್ಲ. ಹಳೆಯ ಹೆಸರಿನ ಸಾಲುಗಳೂ ಹೊಸ ಹೆಸರಿನ ಸಾಲುಗಳೂ ಅದಕ್ಕೆ ಎರಡು ಊರುಗಳು. ಜಿಲ್ಲೆಗಳ ಗಡಿಯೂ ಹೀಗೆಯೇ. 2001ರ ಜನಗಣತಿಯಲ್ಲಿ ಕರ್ನಾಟಕಕ್ಕೆ 27 ಜಿಲ್ಲೆಗಳು, 2011ರಲ್ಲಿ 30. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆಯಾಯಿತು. ಇದನ್ನು ತಿಳಿಯದೆ ಅಂಕಿಗಳನ್ನು ಹೋಲಿಸಿದವನಿಗೆ ಬಳ್ಳಾರಿಯ ಜನ ಒಂದೇ ಸಲಕ್ಕೆ ಊರು ಬಿಟ್ಟು ಹೋದಂತೆ ಕಂಡೀತು. ಪ್ರತಿಯೊಂದು ಹಳ್ಳಿಗೂ ತಾಲ್ಲೂಕಿಗೂ ಒಂದು ಸಂಕೇತ ಸಂಖ್ಯೆಯನ್ನು ಕೊಡುವ ಸ್ಥಳೀಯ ಸರ್ಕಾರಗಳ ಕೈಪಿಡಿಯೊಂದನ್ನು ಕೇಂದ್ರದ ಪಂಚಾಯತಿ ರಾಜ್ ಮಂತ್ರಾಲಯ ನಡೆಸುತ್ತಿದೆ. ಎಲ್ಲ ಇಲಾಖೆಗಳೂ ಹೆಸರಿನೊಡನೆ ಆ ಸಂಖ್ಯೆಯನ್ನು ಬರೆದರೆ ಈ ಗೊಂದಲದ ಬಹುಭಾಗ ತೀರುತ್ತದೆ.

ನಾಲ್ಕನೆಯದು ಕಡತದ ರೂಪ. ಕಾಗದದ ಕೋಷ್ಟಕದ ಚಿತ್ರ ತೆಗೆದು ಏರಿಸಿದರೆ ಅದು ಗೋಡೆಯ ಮೇಲೆ ಬರೆದ ಹಣ್ಣು, ನೋಡಬಹುದು, ತಿನ್ನಲಾಗದು. ಅದನ್ನು ಕೂಡಿಸಲು ಕಳೆಯಲು ಬರುವುದಿಲ್ಲ, ಹುಡುಕಲು ಬರುವುದಿಲ್ಲ. ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ ಯಂತ್ರವೂ ಅದರ ಮುಂದೆ ಮೂಕವಾಗುತ್ತದೆ. ಕನ್ನಡಕ್ಕಂತೂ ಇನ್ನೊಂದು ಕಷ್ಟವಿದೆ. ಯೂನಿಕೋಡ್ ಎಂಬ ಜಾಗತಿಕ ಅಕ್ಷರ ವ್ಯವಸ್ಥೆ ನೆಲೆಗೊಳ್ಳುವ ಮೊದಲು ಬಗೆಬಗೆಯ ಅಕ್ಷರ ತಂತ್ರಾಂಶಗಳಲ್ಲಿ ಟೈಪು ಮಾಡಿದ ಕಡತಗಳು ರಾಶಿರಾಶಿಯಾಗಿವೆ. ಆ ಅಕ್ಷರರೂಪ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಗುರುತುಗಳ ಸಾಲು ಕಾಣುತ್ತದೆ.

ಐದನೆಯದು, ಕೇಳಲು ಬಾಯಿದ್ದರೂ ಉತ್ತರಿಸಲು ಆಳಿಲ್ಲದಿರುವುದು. ‘ಈ ಅಂಕಿ ತಪ್ಪಾಗಿದೆ’ ಎಂದು ಬರೆದವರಿಗೆ ‘ನೋಡಿದೆವು, ತಿದ್ದಿದೆವು’ ಎಂಬ ಒಂದು ಸಾಲಿನ ಉತ್ತರ ಬರದಿದ್ದರೆ ಅವರು ಎರಡನೆಯ ಸಲ ಬರೆಯುವುದಿಲ್ಲ.

ಇವೆಲ್ಲ ಚಿಕ್ಕ ಅನುಕೂಲಗಳ ಮಾತು ಎಂದು ಯಾರಿಗಾದರೂ ಅನ್ನಿಸಿದರೆ, ಮೂರು ದಶಕದ ಹಿಂದಿನ ಒಂದು ಘಟನೆಯನ್ನು ನೆನೆಯಬೇಕು. 1994ರ ಡಿಸೆಂಬರಿನಲ್ಲಿ ರಾಜಸ್ಥಾನದ ಪಾಲಿ ಜಿಲ್ಲೆಯ ಕೋಟ್ ಕಿರಾನಾ ಎಂಬ ಹಳ್ಳಿಯಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಮೊದಲನೆಯ ಜನಸುನವಾಯಿ, ಎಂದರೆ ಸಾರ್ವಜನಿಕ ಅಹವಾಲು ಸಭೆಯನ್ನು ನಡೆಸಿದರು. ಪಂಚಾಯಿತಿ ಕಾಮಗಾರಿಗಳ ಕೂಲಿಯ ಹಾಜರಿ ಪಟ್ಟಿಗಳನ್ನೂ ಬಿಲ್ಲುಗಳನ್ನೂ ಹಳ್ಳಿಯ ಜನರೆದುರು ಗಟ್ಟಿಯಾಗಿ ಓದಿದರು. ಕೆಲಸಕ್ಕೇ ಹೋಗದವರ ಹೆಸರಿನಲ್ಲಿ ಕೂಲಿ ಬರೆದಿದ್ದದ್ದು ಆ ಹೆಸರಿನವರ ಎದುರಿನಲ್ಲಿಯೇ ಹೊರಬಿದ್ದಿತು. ಆ ಕಾಗದಗಳಲ್ಲಿ ಹೊಸದೇನೂ ಸೇರಿರಲಿಲ್ಲ. ಕಚೇರಿಯ ಕಪಾಟಿನಲ್ಲಿ ಇದ್ದದ್ದನ್ನೇ ಅರ್ಥ ಬಲ್ಲವರ ಕಿವಿಗೆ, ಅವರ ಮಾತಿನಲ್ಲಿ, ಅವರ ಅಂಗಳದಲ್ಲಿ ಓದಿದ್ದಷ್ಟೆ ವ್ಯತ್ಯಾಸ. ಅಕ್ಷರ ಬಾರದ ಕೂಲಿಯವರು ಅಂದು ಲೆಕ್ಕ ಪರಿಶೋಧಕರಾದರು.

ಆ ಚಳವಳಿಯ ಫಲದಲ್ಲಿ ಒಂದು 2005ರ ಮಾಹಿತಿ ಹಕ್ಕು ಕಾಯಿದೆ. ಜನ ಕೇಳಿದರೆ ಕೊಡಬೇಕು ಎಂಬುದಷ್ಟೇ ಆ ಕಾಯಿದೆಯಲ್ಲಿ ಇದೆಯೆಂದು ಹಲವರ ಭಾವನೆ. ಅದರ ನಾಲ್ಕನೆಯ ಕಲಮು, ಕೇಳುವ ಮೊದಲೇ ಕೊಡಬೇಕು ಎನ್ನುತ್ತದೆ. ಅದೂ ಜನರಿಗೆ ಸುಲಭವಾಗಿ ಸಿಗುವ ರೀತಿಯಲ್ಲಿ, ಸ್ಥಳೀಯ ಭಾಷೆಯನ್ನೂ ಆ ಪ್ರದೇಶಕ್ಕೆ ಒಪ್ಪುವ ಸಂಪರ್ಕ ವಿಧಾನವನ್ನೂ ಗಮನದಲ್ಲಿಟ್ಟುಕೊಂಡು. ಆದ್ದರಿಂದ ಬಳಸಲು ಬರುವಂತೆ ಕೊಡುವುದು ಕಚೇರಿಯ ಔದಾರ್ಯವಲ್ಲ, ಕಾಯಿದೆಯ ಮಾತು. ಇದೇ ಕಲಮಿನ ಆಧಾರದ ಮೇಲೆ ರಾಜಸ್ಥಾನ ಸರ್ಕಾರ 2019ರಲ್ಲಿ ‘ಜನ ಸೂಚನಾ’ ತಾಣವನ್ನು ತೆರೆಯಿತು. ಅಲ್ಲಿ ತಮ್ಮ ಊರಿನ ನ್ಯಾಯಬೆಲೆ ಅಂಗಡಿಯ ವಿವರವನ್ನು ಜನ ತಾವೇ ನೋಡಬಹುದು. ಇಲಾಖೆಯಿಂದ ಹೊರಡದೆ ಊರಿನಿಂದ ಹೊರಡುವ ತಾಣ ಅದು.

ಹಾಗಾದರೆ ಒಂದು ತಾಣ ಬಳಸಲು ಸುಲಭವೋ ಅಲ್ಲವೋ ಎಂದು ಅಳೆಯುವುದು ಹೇಗೆ? ಇದಕ್ಕೆ ಶಾಸ್ತ್ರವಿದೆ. ಅಂತರರಾಷ್ಟ್ರೀಯ ಮಾನಕ ಸಂಸ್ಥೆ 1998ರಲ್ಲಿ ಮೂರು ಪ್ರಶ್ನೆಗಳನ್ನು ಗೊತ್ತುಮಾಡಿತು. ಕೆಲಸ ಆಯಿತೆ? ಎಷ್ಟು ಶ್ರಮಕ್ಕೆ ಆಯಿತು? ಮಾಡಿದವರಿಗೆ ತೃಪ್ತಿಯಾಯಿತೆ? ಮೂರನ್ನೂ ಕೇಳಬೇಕು, ಅದೂ ಇಂಥ ಜನ, ಇಂಥ ಕೆಲಸ ಎಂದು ಹೆಸರಿಟ್ಟು ಕೇಳಬೇಕು. ಎಂಜಿನಿಯರಿಗೆ ಸುಲಭವಾದದ್ದು ನಿವೃತ್ತ ಉಪಾಧ್ಯಾಯಿನಿಗೆ ಸುಲಭವೆಂದೇನೂ ಇಲ್ಲ.

ಅಳೆಯುವ ಕ್ರಮ ಬಹಳ ಸರಳ. ಮೊದಲು ನಿಜವಾದ ನಾಲ್ಕೈದು ಪ್ರಶ್ನೆಗಳನ್ನು ಆರಿಸಿಕೊಳ್ಳಬೇಕು: ‘ನಮ್ಮ ತಾಲ್ಲೂಕಿನ ಬಾವಿ ನೀರಿನಲ್ಲಿ ಫ್ಲೋರೈಡ್ ಎಷ್ಟು?’ ‘ಹೋದ ವಾರ ಈರುಳ್ಳಿಗೆ ಹುಬ್ಬಳ್ಳಿಯಲ್ಲಿ ಏನು ಧಾರಣೆ?’ ಆಮೇಲೆ ಆ ತಾಣವನ್ನು ಕಟ್ಟದವರನ್ನು, ಅದು ಬೇಕಾದವರನ್ನು ಕರೆದು ಯಂತ್ರದ ಮುಂದೆ ಕೂಡಿಸಬೇಕು. ಕೊನೆಯದಾಗಿ, ಇದೇ ಎಲ್ಲಕ್ಕಿಂತ ಕಷ್ಟದ್ದು, ಪಕ್ಕದಲ್ಲಿ ಕುಳಿತವರು ಬಾಯಿ ಮುಚ್ಚಿಕೊಂಡಿರಬೇಕು. ‘ಅಲ್ಲಿ ಒತ್ತಿ’ ಎಂದು ಹೇಳಿಕೊಟ್ಟರೆ ಪರೀಕ್ಷೆ ಮುಗಿಯಿತು. ಅವರು ಎಲ್ಲಿ ತಡೆದರು, ಯಾವ ಪದದ ಮುಂದೆ ಹುಬ್ಬು ಗಂಟಿಕ್ಕಿದರು, ಎಲ್ಲಿ ಕೈಬಿಟ್ಟರು ಎಂದು ಬರೆದುಕೊಳ್ಳಬೇಕು. ಪರೀಕ್ಷೆ ತಾಣಕ್ಕೆ, ಕುಳಿತವರಿಗಲ್ಲ. ಮೇಡಂ ‘ನನಗೆ ಆಗುವುದಿಲ್ಲ’ ಎಂದರಲ್ಲ, ಸೋತದ್ದು ಅವರಲ್ಲ, ಆ ಕಡತ.

ಇದಕ್ಕೆ ದೊಡ್ಡ ಗುಂಪೂ ಬೇಡ. ಯಾಕೋಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡಾವರ್ ಎಂಬ ತಜ್ಞರು 1993ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಒಂದೇ ಬಗೆಯ ಐದು ಜನರನ್ನು ಕೂಡಿಸಿ ನೋಡಿದರೆ ತೊಡಕುಗಳಲ್ಲಿ ನೂರಕ್ಕೆ ಸುಮಾರು 85 ಹೊರಬೀಳುತ್ತವೆ. ರೈತರು ಬೇರೆ, ವಿದ್ಯಾರ್ಥಿಗಳು ಬೇರೆ, ಕಣ್ಣು ಕಾಣದವರು ಬೇರೆ. ಆದ್ದರಿಂದ ಒಂದೊಂದು ಬಗೆಯವರನ್ನೂ ಬೇರೆ ಬೇರೆಯಾಗಿ ಕರೆಯಬೇಕು. ತೃಪ್ತಿಯನ್ನು ಅಳೆಯಲು ಜಾನ್ ಬ್ರೂಕ್ ಎಂಬವರು 1986ರಲ್ಲಿ ಹತ್ತು ಹೇಳಿಕೆಗಳ ಒಂದು ಪಟ್ಟಿಯನ್ನು ಮಾಡಿದರು. ಒಂದು ಹೇಳಿಕೆ ಹೊಗಳಿಕೆಯದಾದರೆ ಮುಂದಿನದು ದೂರು. ಕಣ್ಣು ಮುಚ್ಚಿ ಎಲ್ಲಕ್ಕೂ ‘ಹೌದು’ ಎಂದು ಗುರುತು ಹಾಕುವವರನ್ನು ಅದು ಎಚ್ಚರಿಸುತ್ತದೆ. ಉತ್ತರಗಳಿಂದ ನೂರರೊಳಗಿನ ಒಂದು ಅಂಕ ಬರುತ್ತದೆ. 68ರ ಸುಮಾರಿಗೆ ಬಂದರೆ ಸಾಧಾರಣ ಎಂದು ರೂಢಿ. ಅಂಕವೇ ಗುರಿಯಲ್ಲ. ತೊಡಕನ್ನು ತಿದ್ದಿ, ಮತ್ತೆ ಐದು ಜನರನ್ನು ಕೂಡಿಸಿ, ಅಂಕ ಏರಿತೆ ಎಂದು ನೋಡುವುದರಲ್ಲಿ ಅದರ ಉಪಯೋಗ.

ತಿದ್ದುವ ಕೆಲಸಕ್ಕೂ ಕೋಟಿಗಟ್ಟಲೆ ಹಣ ಬೇಕಿಲ್ಲ. ಪ್ರತಿ ಕಡತದ ಜೊತೆಗೂ ಅರ್ಧ ಪುಟದ ಒಂದು ವಿವರ ಚೀಟಿ ಇರಲಿ: ಯಾರು ಅಳೆದರು, ಯಾವಾಗ, ಎಲ್ಲಿ, ಯಾವ ಅಳತೆಯಲ್ಲಿ, ಒಂದೊಂದು ಕಲಮಿನ ಅರ್ಥವೇನು, ಮುಂದಿನ ಕಂತು ಎಂದು ಬರುತ್ತದೆ. ಆ ಚೀಟಿ ಕನ್ನಡದಲ್ಲಿಯೂ ಇರಲಿ. ಹುಡುಕುವ ಪೆಟ್ಟಿಗೆಗೆ ಜನರ ಮಾತುಗಳನ್ನೂ ಹಳೆಯ ಊರ ಹೆಸರುಗಳನ್ನೂ ಕಲಿಸಲಿ. ಚಿತ್ರದ ಬದಲು ಕೋಷ್ಟಕವನ್ನೇ ಕೊಡಲಿ. ತಪ್ಪು ತೋರಿಸಿದವರಿಗೆ ಉತ್ತರ ಬರೆಯುವ ಹೊಣೆಯನ್ನು ಒಬ್ಬರಿಗೆ ವಹಿಸಲಿ. ಜನ ಹುಡುಕಿ ಸಿಗದೆ ಹೋದ ಪದಗಳ ಪಟ್ಟಿಯನ್ನು ತಿಂಗಳಿಗೊಮ್ಮೆ ತೆಗೆದು ನೋಡಲಿ. ಜನಕ್ಕೆ ಏನು ಬೇಕೆಂದು ಅದಕ್ಕಿಂತ ಪ್ರಾಮಾಣಿಕವಾಗಿ ಹೇಳುವ ಸಾಕ್ಷಿ ಬೇರೆ ಇಲ್ಲ.

ಎಲ್ಲರೂ ಯಂತ್ರದ ಮುಂದೆ ಕೂಡಲಾರರು ಎಂಬ ಮಾತೂ ನಿಜ. ಕೂಡಬೇಕೆಂದೂ ಇಲ್ಲ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಒಬ್ಬರು ನೋಡಿ ಹತ್ತು ಜನಕ್ಕೆ ಹೇಳಬಹುದು. ನೀರಿನ ವರದಿಯನ್ನು ಬಾವಿಯ ಪಕ್ಕದ ಗೋಡೆಯ ಮೇಲೆ ಬರೆಯಬಹುದು. ಶಾಲೆಯ ಮಕ್ಕಳು ತಮ್ಮ ಊರಿನ ಮಳೆಯ ಲೆಕ್ಕವನ್ನು ಹಲಗೆಯ ಮೇಲೆ ಬಿಡಿಸಬಹುದು. ಆದರೆ ಆ ಒಬ್ಬರಿಗೆ ಅರ್ಥವಾದರೆ ತಾನೆ ಉಳಿದ ಹತ್ತು ಜನಕ್ಕೆ ತಲುಪುವುದು?

ಇದರಲ್ಲಿ ಮನೆಯವರಾದ ನಮ್ಮ ಪಾಲೂ ಉಂಟು. ಬೇಕಾದ ಒಂದು ಸಂಗತಿಯನ್ನು ಹುಡುಕಿ ನೋಡಿ. ಸಿಗದಿದ್ದರೆ ‘ನನಗೆ ಬರುವುದಿಲ್ಲ’ ಎಂದು ಎದ್ದು ಹೋಗಬೇಡಿ. ಏನು ಹುಡುಕಿದಿರಿ, ಯಾವ ಪದದಿಂದ ಹುಡುಕಿದಿರಿ, ಎಲ್ಲಿ ಎಡವಿದಿರಿ ಎಂದು ನಾಲ್ಕು ಸಾಲು ಬರೆದು ಆ ಇಲಾಖೆಗೆ ಕಳಿಸಿ. ಮೇಡಂ ಹಾಗೆಯೇ ಮಾಡಿದರು. ಎಫ್ ಎಂದರೆ ಫ್ಲೋರೈಡ್ ಎಂದೂ, ಅಳತೆ ಲೀಟರಿಗೆ ಮಿಲಿಗ್ರಾಂ ಎಂದೂ, 1.5ರ ಮೇಲಾದರೆ ಮಕ್ಕಳಿಗೆ ಕೊಡಬಾರದು ಎಂದೂ ಕೋಷ್ಟಕದ ಮೇಲೆ ಬರೆಯಿರಿ ಎಂದು ತಮ್ಮ ದುಂಡನೆಯ ಅಕ್ಷರದಲ್ಲಿ ಒಂದು ಕಾಗದ ಬರೆದು ಅಂಚೆಗೆ ಹಾಕಿದರು. ಉತ್ತರಕ್ಕೆ ಇನ್ನೂ ಕಾಯುತ್ತಿದ್ದಾರೆ. ಅಷ್ಟರಲ್ಲಿ ಬೀದಿಯ ಉಳಿದ ಮನೆಗಳ ನೀರೂ ಬಾಟಲಿಗಳಲ್ಲಿ ತುಂಬಿ ಪ್ರಯೋಗಾಲಯಕ್ಕೆ ಹೋಗಿದೆ.